ಹಣ ಯಾರದು, ಮೈಕ್ ಯಾರಿಗೆ: ಮಾಟುಂಗಾದಲ್ಲಿ ಟ್ರಸ್ಟಿಯಾಗಿ ನನ್ನ ಅನುಭವ

ಮುಂಬಯಿಯಲ್ಲಿ ನಮ್ಮದೊಂದು ಚಿಕ್ಕ ಟ್ರಸ್ಟ್ ಇದೆ. ಜಗತ್ತಿನಲ್ಲಿ ಏನು ನಡೆಯುತ್ತಿದೆ, ಅದು ನಮ್ಮ ಮನೆ ಬಾಗಿಲಿಗೆ ಹೇಗೆ ಬಂದು ಮುಟ್ಟುತ್ತದೆ ಅನ್ನುವುದನ್ನು ಕನ್ನಡದಲ್ಲಿ ಹೇಳಿಕೊಡುವುದು ಅದರ ಕೆಲಸ. ಭಾನುವಾರ ಮಾಟುಂಗಾದ ಒಂದು ಬಾಡಿಗೆ ಕೋಣೆಯಲ್ಲಿ ತರಗತಿ ನಡೆಯುತ್ತದೆ. ಬರುವವರಲ್ಲಿ ಜಾಸ್ತಿ ಜನ ಸಯನ್, ಧಾರಾವಿ, ಚೆಂಬೂರು ಕಡೆಯ ಕಾಲೇಜು ಮಕ್ಕಳು. ಹೋಟೆಲಿನಲ್ಲಿ ದುಡಿದುಕೊಂಡು ರಾತ್ರಿ ಓದುವ ಹುಡುಗರೂ ಇದ್ದಾರೆ. ಕೆಲವು ಮಕ್ಕಳು ಅಮ್ಮನನ್ನೂ ಕರೆದುಕೊಂಡು ಬರುತ್ತಾರೆ.

ನಾನು ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಿಯಾದವಳು. ಉಳಿದ ಟ್ರಸ್ಟಿಗಳಲ್ಲಿ ಒಬ್ಬರು ಹೋಟೆಲ್ ನಡೆಸುತ್ತಾರೆ, ಒಬ್ಬರು ಲೆಕ್ಕ ಪರಿಶೋಧಕರು, ಒಬ್ಬರು ಕುವೈತಿನಲ್ಲಿ ನರ್ಸ್ ಆಗಿದ್ದವರು, ಇನ್ನೊಬ್ಬರು ಮುನಿಸಿಪಲ್ ಕನ್ನಡ ಶಾಲೆಯ ಮೇಷ್ಟ್ರಾಗಿದ್ದವರು. ಯಾರಿಗೂ ಸಂಬಳ ಇಲ್ಲ. ರೈಲು ಟಿಕೆಟಿನ ದುಡ್ಡೂ ನಮ್ಮದೇ.

ಟ್ರಸ್ಟಿ ಅಂದ ಕೂಡಲೇ ಜನರಿಗೆ ನೆನಪಾಗುವುದು ವೇದಿಕೆ, ಶಾಲು, ಆಮಂತ್ರಣ ಪತ್ರಿಕೆಯಲ್ಲಿ ಹೆಸರು. ನನ್ನ ಪ್ರಕಾರ ಇಂಥ ಸಂಸ್ಥೆಯಲ್ಲಿ ಟ್ರಸ್ಟಿಗಳು ಬೇರೆ ಯಾರ ಕೈಗೂ ಬಿಡಬಾರದ ಕೆಲಸ ಎರಡೇ: ಯಾರ ಹಣ ತಗೊಳ್ಳಬೇಕು, ಯಾರ ಕೈಗೆ ಮೈಕ್ ಕೊಡಬೇಕು. ಮಿಕ್ಕಿದ್ದನ್ನೆಲ್ಲ ಸ್ವಯಂಸೇವಕರು ನಮಗಿಂತ ಚೆನ್ನಾಗಿ ಮಾಡುತ್ತಾರೆ. ಜಗತ್ತಿನ ವಿಷಯ ಕಲಿಸುವಾಗ ಪ್ರತಿ ದೇಶಕ್ಕೂ, ಪ್ರತಿ ಪಕ್ಷಕ್ಕೂ ಅದರದೇ ಒಂದು ಕಥೆ ಇರುತ್ತದೆ. "ಇವರು ಆ ಕಡೆಯವರು" ಅಂತ ಮಕ್ಕಳಿಗೆ ಒಮ್ಮೆ ಅನ್ನಿಸಿದರೆ ಸಾಕು. ಆಮೇಲೆ ಅವರು ಬರಬಹುದು, ಆದರೆ ನಂಬುವುದಿಲ್ಲ.

ಮೊದಲು ಹಣದ ವಿಷಯ ಹೇಳುತ್ತೇನೆ. ಮುಂಬಯಿಯಲ್ಲಿ ಹಲವು ದೇಶಗಳ ಕಾನ್ಸುಲೇಟ್ ಕಚೇರಿಗಳಿವೆ. ಒಂದು ಕಚೇರಿಯವರು ನಮ್ಮ ತರಗತಿಯ ಬಗ್ಗೆ ಕೇಳಿ, ಒಂದು ವಿಚಾರ ಸಂಕಿರಣದ ಖರ್ಚನ್ನು ಪೂರ್ತಿ ಕೊಡುವುದಾಗಿ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಮೀಟಿಂಗ್‌ನಲ್ಲಿ ಎಲ್ಲರ ಮುಖ ಅರಳಿತು. ನಮ್ಮ ಖಜಾಂಚಿ ಮಾತ್ರ ತಲೆ ಅಲ್ಲಾಡಿಸಿದರು.

"ಅಕ್ಕಾ, ಇದು ವಿದೇಶಿ ಸರ್ಕಾರದ ದುಡ್ಡು. ಎಫ್‌ಸಿಆರ್‌ಎ ನೋಂದಣಿ ಇಲ್ಲದೆ ಇದನ್ನ ಮುಟ್ಟೋ ಹಾಗಿಲ್ಲ."

ಅವರು ಹೇಳಿದ್ದು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಮಾತು. 2020ರ ತಿದ್ದುಪಡಿಯ ಮೇಲೆ ನೋಂದಣಿ ಇದ್ದವರು ಕೂಡ ಹೊರಗಿನ ಹಣವನ್ನು ಸ್ಟೇಟ್ ಬ್ಯಾಂಕಿನ ಹೊಸದಿಲ್ಲಿ ಮುಖ್ಯ ಶಾಖೆಯ ಖಾತೆಗೇ ತರಿಸಿಕೊಳ್ಳಬೇಕು. ನಾವೂ ನೋಂದಣಿಗೆ ಅರ್ಜಿ ಹಾಕೋಣವಾ ಅಂತ ಚರ್ಚೆಯಾಯಿತು. ಬೇಡ ಅಂತ ತೀರ್ಮಾನಿಸಿದೆವು. ಕಾಗದಪತ್ರಕ್ಕೆ ಹೆದರಿ ಅಲ್ಲ. ಮುಂದಿನ ತಿಂಗಳು ಅದೇ ದೇಶದ ಯುದ್ಧದ ಬಗ್ಗೆ ಪಾಠ ಮಾಡಬೇಕಾಗಿ ಬಂದರೆ ನಮ್ಮ ಮೇಷ್ಟ್ರ ನಾಲಿಗೆ ತಡವರಿಸಬಾರದು, ಅಷ್ಟೇ.

ಇದರಲ್ಲೇ ಇನ್ನೊಂದು ಸೂಕ್ಷ್ಮ ಇದೆ. ಕರಾವಳಿಯವರ ಮನೆಗಳಲ್ಲಿ ಒಬ್ಬರಾದರೂ ಗಲ್ಫಿನಲ್ಲಿ, ಒಬ್ಬರಾದರೂ ಅಮೆರಿಕದಲ್ಲಿ ಇರುತ್ತಾರೆ ಅಲ್ವಾ? ದುಬೈಯಲ್ಲಿರುವ ತಮ್ಮ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪೌರತ್ವ ಪಡೆದ ಅಕ್ಕ ಕಳಿಸಿದರೆ ಅದು ವಿದೇಶಿ ದೇಣಿಗೆ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ನಮ್ಮ ಸರ್ಕಾರ ಕೊಡುವ ಒಸಿಐ ಕಾರ್ಡ್ ಇದ್ದರೂ ಸಹ. ಹಾಗಾಗಿ ಹೊರದೇಶದಿಂದ ಯಾರೇ ಕೊಡುತ್ತೇನೆ ಅಂದರೂ ಮೊದಲು ಪಾಸ್‌ಪೋರ್ಟಿನ ಪ್ರತಿ ಕೇಳುತ್ತೇವೆ. ನೆಂಟರ ಹತ್ತಿರ ಹೀಗೆ ಕೇಳುವುದು ಮುಜುಗರ. ಆದರೂ ಕೇಳಲೇಬೇಕು. ನಾವು ಯಾಕೆ ಕೇಳುತ್ತಿದ್ದೇವೆ ಅಂತ ವಿವರಿಸಿದರೆ ಜನ ಬೇಸರ ಮಾಡಿಕೊಳ್ಳುವುದಿಲ್ಲ.

ಊರೊಳಗಿನ ಹಣಕ್ಕೂ ಇದೇ ಎಚ್ಚರ ಬೇಕು. ಚುನಾವಣೆ ಹತ್ತಿರ ಬಂದಾಗ ಇಡೀ ವರ್ಷದ ಬಾಡಿಗೆ ಕೊಡುತ್ತೇನೆ, ಬ್ಯಾನರ್ ಮೇಲೆ ನನ್ನ ಫೋಟೋ ಹಾಕಿ ಅನ್ನುವವರು ಬರುತ್ತಾರೆ. ಕೈ ಮುಗಿದು ಕಳಿಸುತ್ತೇವೆ. ಒಬ್ಬ ದಾನಿಯಿಂದ ವರ್ಷದ ಖರ್ಚಿನ ಐದನೇ ಒಂದು ಭಾಗಕ್ಕಿಂತ ಜಾಸ್ತಿ ತಗೊಳ್ಳಬಾರದು ಅಂತ ನಾವೇ ನಿಯಮ ಮಾಡಿಕೊಂಡಿದ್ದೇವೆ. ಅದರಿಂದ ನೂರು, ಇನ್ನೂರು ಮನೆಗಳ ಸಣ್ಣ ವಂತಿಗೆಗೆ ಓಡಾಡಬೇಕಾಗುತ್ತದೆ. ಓಡಾಡುತ್ತೇವೆ. ನಗದಾಗಿ 2000 ರೂಪಾಯಿಗಿಂತ ಜಾಸ್ತಿ ಕೊಟ್ಟರೆ ದಾನಿಗೆ ದೇಣಿಗೆಯ ಮೇಲಿನ ಆದಾಯ ತೆರಿಗೆ ರಿಯಾಯಿತಿ ಸಿಗುವುದಿಲ್ಲ, ಆದ್ದರಿಂದ ಚೆಕ್ ಅಥವಾ ಯುಪಿಐ ಅಂತಲೇ ಹೇಳುತ್ತೇವೆ. ವರ್ಷದ ಕೊನೆಗೆ ಯಾರು ಎಷ್ಟು ಕೊಟ್ಟರು ಅನ್ನುವ ಪಟ್ಟಿ ತರಗತಿಯ ಗೋಡೆ ಮೇಲೆ ಇರುತ್ತದೆ. ಮಕ್ಕಳು ಅದನ್ನು ಓದುತ್ತಾರೆ. ಪ್ರಶ್ನೆಯನ್ನೂ ಕೇಳುತ್ತಾರೆ.

ಇನ್ನು ಮೈಕ್. ರಾಜತಾಂತ್ರಿಕರನ್ನು ಕರೆಯಬಾರದು ಅಂತ ನಾವು ಹೇಳುವುದಿಲ್ಲ. ಕರೆಯುತ್ತೇವೆ. ಶರತ್ತು ಒಂದೇ: ಅರ್ಧ ಹೊತ್ತು ಅವರ ಮಾತು, ಅರ್ಧ ಹೊತ್ತು ಮಕ್ಕಳ ಪ್ರಶ್ನೆ. ಪ್ರಶ್ನೆಗಳನ್ನು ಮೊದಲೇ ತೋರಿಸುವುದಿಲ್ಲ. ಇದಕ್ಕೆ ಒಪ್ಪದವರು ಬರುವುದಿಲ್ಲ, ನಮಗೂ ಬೇಸರವಿಲ್ಲ. ಟ್ರಸ್ಟಿಗಳಿಗೂ ಒಂದು ಕಟ್ಟುಪಾಡು ಇದೆ. ನಡೆಯುತ್ತಿರುವ ಯುದ್ಧದ ಬಗ್ಗೆ ಸ್ವಂತ ಅಭಿಪ್ರಾಯವನ್ನು ತರಗತಿಯಲ್ಲಾಗಲಿ, ಮಕ್ಕಳ ವಾಟ್ಸಾಪ್ ಗುಂಪಿನಲ್ಲಾಗಲಿ ಹೇಳಬಾರದು. ಸುಮ್ನೆ ಒಂದು ಫಾರ್ವರ್ಡ್ ಹಾಕಿದರೂ ಅದು ಟ್ರಸ್ಟಿನ ಮಾತಾಗಿಬಿಡುತ್ತದೆ.

ನಕ್ಷೆಯ ವಿಷಯವೂ ಟ್ರಸ್ಟಿಗಳದೇ. ಅಂತರ್ಜಾಲದಿಂದ ಇಳಿಸಿಕೊಂಡ ನಕ್ಷೆಗಳಲ್ಲಿ ನಮ್ಮ ಗಡಿ ಹೇಗೆ ಬೇಕೋ ಹಾಗೆ ಇರುತ್ತದೆ. ಕೇಂದ್ರ ಸರ್ಕಾರದ ನಕ್ಷೆ ಸಂಸ್ಥೆಯಾದ ಸರ್ವೆ ಆಫ್ ಇಂಡಿಯಾದ ನಕ್ಷೆಗೆ ಹೊಂದದ ಭಾರತದ ನಕ್ಷೆ ಪ್ರಕಟಿಸುವುದು ಕಾನೂನಿನ ಪ್ರಕಾರ ಅಪರಾಧ. ಅಚ್ಚಿಗೆ ಹೋಗುವ ಮೊದಲು ಪ್ರತಿ ಹಾಳೆಯನ್ನೂ ಇಬ್ಬರು ಟ್ರಸ್ಟಿಗಳು ನೋಡಿ ಸಹಿ ಹಾಕುತ್ತಾರೆ.

ಹೀಗೆ ಕಾವಲು ಕಾಯುವುದಷ್ಟೇ ಕೆಲಸವಾಗಿದ್ದರೆ ಇಷ್ಟು ವರ್ಷ ಯಾರೂ ಉಳಿಯುತ್ತಿರಲಿಲ್ಲ. ನಮ್ಮನ್ನು ಹಿಡಿದಿಟ್ಟಿರುವುದು ಪಾಠ. ಬೇರೆ ಬೇರೆ ಕಸುಬಿನವರು ಟ್ರಸ್ಟಿನಲ್ಲಿ ಇರಬೇಕು ಅಂತ ನಾನು ಹಟ ಹಿಡಿಯುವುದೂ ಅದಕ್ಕೇ.

2022ರಲ್ಲಿ ಯುಕ್ರೇನ್ ಯುದ್ಧ ಶುರುವಾಯಿತು. ನಮಗೆ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಬಹುಪಾಲು ಅಲ್ಲಿಂದಲೇ. ಅದರ ಮೇಲೆ ಏಪ್ರಿಲ್ 28ರಿಂದ ಇಂಡೋನೇಷ್ಯಾ ತಾಳೆ ಎಣ್ಣೆಯ ರಫ್ತು ನಿಲ್ಲಿಸಿತು. ಮೇ 23ರಂದು ತೆರವು ಮಾಡಿತು. ಹೋಟೆಲಿನ ನಮ್ಮ ಟ್ರಸ್ಟಿ ತಮ್ಮ ಎಣ್ಣೆ ಡಬ್ಬದ ಬಿಲ್ಲುಗಳನ್ನೇ ತರಗತಿಗೆ ತಂದು ಮೇಜಿನ ಮೇಲೆ ಹರಡಿದರು. ಬನ್ಸ್, ಮೆದುವಡೆ ಕರಿಯುವ ಬಾಣಲೆಗೂ ಇಂಡೋನೇಷ್ಯಾದ ರಾಜಧಾನಿ ಜಕಾರ್ತದ ಆದೇಶಕ್ಕೂ ಏನು ಸಂಬಂಧ ಅಂತ ಹುಡುಗರು ತಾವೇ ಹುಡುಕಿದರು. ಅಲ್ಲಿಂದ ಮಾತು ಗ್ಯಾಸ್ ಸಿಲಿಂಡರಿಗೆ ಹೋಯಿತು. ದೇಶಕ್ಕೆ ಬೇಕಾದ ಎಲ್‌ಪಿಜಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನಿಂದ ಬರುತ್ತದೆ, ಅದರಲ್ಲಿ ಬಹುಪಾಲು ಗಲ್ಫಿನ ಬಾಯಲ್ಲಿರುವ ಕಿರಿದಾದ ಹಾರ್ಮುಜ್ ಜಲಸಂಧಿ ದಾಟಿ ಬರಬೇಕು. ಆ ದಿನ ನಕ್ಷೆಯಲ್ಲಿ ಹಾರ್ಮುಜ್ ಹುಡುಕಿದ ಹುಡುಗ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡುವವನು.

1990ರ ಆಗಸ್ಟ್ 2ರಂದು ಇರಾಕ್ ಕುವೈತಿನೊಳಗೆ ನುಗ್ಗಿದಾಗ ನಮ್ಮ ನರ್ಸ್ ಅಕ್ಕ ಅಲ್ಲೇ ಇದ್ದರು. ಜೋರ್ಡಾನಿನ ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನಗಳು ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ವಾಪಸು ತಂದವು. ಅವರೂ ಹಾಗೇ ಮುಂಬಯಿಗೆ ಬಂದು ಇಳಿದವರು. ಅವರು ಹೇಳಿ ಮುಗಿಸಿದ ಮೇಲೆ ನಾನು ಮುಂದುವರಿಸುತ್ತೇನೆ. ಅದೇ ಸಂಕಟದಲ್ಲಿ ಕಚ್ಚಾ ತೈಲದ ಬೆಲೆ ಏರಿತು, ಗಲ್ಫಿನಿಂದ ಬರುವ ಹಣ ಕುಗ್ಗಿತು, ದೇಶದ ಡಾಲರ್ ಸಂಗ್ರಹ ಬರಿದಾಗುತ್ತ ಬಂತು. 1991ರ ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಅಡವಿಡಲು ಇಂಗ್ಲೆಂಡಿಗೆ ಕಳಿಸಿತು. ಹೋದದ್ದು ಇದೇ ಊರಿನ ವಿಮಾನ ನಿಲ್ದಾಣದಿಂದ. ಅದಕ್ಕೂ ಮೊದಲಿನ ಕಥೆ ಹೇಳಿದರೆ ಮಕ್ಕಳು ಇನ್ನೂ ಬೆರಗಾಗುತ್ತಾರೆ: 1959ರಿಂದ ರಿಸರ್ವ್ ಬ್ಯಾಂಕ್ ಗಲ್ಫ್ ದೇಶಗಳಿಗಾಗಿಯೇ ಬೇರೆ ನೋಟು ಹೊರಡಿಸುತ್ತಿತ್ತು. ಕುವೈತಿನಲ್ಲಿ 1961ರವರೆಗೆ ಅಂಗಡಿಯಲ್ಲಿ ನಡೆಯುತ್ತಿದ್ದದ್ದು ನಮ್ಮ ರೂಪಾಯಿ.

ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಆಟ ನನಗೆ ಎಲ್ಲಕ್ಕಿಂತ ಇಷ್ಟ. ಹದಿನೈದು ಕುರ್ಚಿ ಹಾಕುತ್ತೇವೆ. ನಿರ್ಣಯ ಪಾಸಾಗಲು 9 ಮತ ಬೇಕು, ಐದು ಕಾಯಂ ಸದಸ್ಯರಲ್ಲಿ ಒಬ್ಬರೂ ವೀಟೋ, ಅಂದರೆ ನಿರ್ಣಯವನ್ನೇ ತಡೆಯುವ ಮತ, ಹಾಕಬಾರದು. "ಒಬ್ಬನಿಗೆ ಇಷ್ಟು ಅಧಿಕಾರ ಅನ್ಯಾಯ" ಅಂತ ಮಕ್ಕಳು ಕೂಗುತ್ತಾರೆ. ಆಗ ಮೇಷ್ಟ್ರು 1961ರ ಡಿಸೆಂಬರ್ ತೆಗೆಯುತ್ತಾರೆ. ಆಗ ಪೋರ್ಚುಗೀಸರ ಕೈಯಲ್ಲಿದ್ದ ಗೋವಾಕ್ಕೆ ಭಾರತದ ಸೈನ್ಯ ಹೋದಾಗ ನಮ್ಮ ವಿರುದ್ಧ ಬಂದ ನಿರ್ಣಯವನ್ನು ಸೋವಿಯತ್ ಒಕ್ಕೂಟ ವೀಟೋದಿಂದಲೇ ತಡೆಯಿತು. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ಹೊತ್ತಿಗೂ ಹಾಗೇ ಆಯಿತು. ಕೋಣೆಯಲ್ಲಿ ವಾದ ಎರಡಾಗಿ ಒಡೆಯುತ್ತದೆ. ಯಾರು ಸರಿ ಅಂತ ಮೇಷ್ಟ್ರು ಹೇಳುವುದಿಲ್ಲ. ಹೇಳಬೇಡಿ ಅಂತ ನಾವೇ ಕೇಳಿಕೊಂಡಿದ್ದೇವೆ.

ಟ್ರಸ್ಟಿಯಾಗಲು ಬಯಸುವವರಿಗೆ ಕಾಗದಪತ್ರದ ಮಾತು ಹೇಳಲೇಬೇಕು. ಮಹಾರಾಷ್ಟ್ರದಲ್ಲಿ ನಮ್ಮಂಥವರಿಗೆ ಅನ್ವಯಿಸುವುದು 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆ. ಒಬ್ಬ ಟ್ರಸ್ಟಿ ಬಿಟ್ಟರೂ, ತೀರಿಕೊಂಡರೂ, ಹೊಸಬರು ಸೇರಿದರೂ 90 ದಿನಗಳೊಳಗೆ ವರ್ಲಿಯ ಚಾರಿಟಿ ಕಮಿಷನರ್ ಕಚೇರಿಗೆ ಚೇಂಜ್ ರಿಪೋರ್ಟ್, ಅಂದರೆ ಬದಲಾವಣೆಯ ವರದಿ, ಕೊಡಬೇಕು. ಇದನ್ನು ವರ್ಷಗಟ್ಟಲೆ ಬಿಟ್ಟ ಹಳೆಯ ಸಂಸ್ಥೆಗಳಲ್ಲಿ ದಾಖಲೆಯ ಪ್ರಕಾರ ಟ್ರಸ್ಟಿಗಳಾಗಿ ಉಳಿದಿರುವುದು ತೀರಿಕೊಂಡವರೇ. ಬ್ಯಾಂಕ್ ಸಹಿ ಬದಲಾಯಿಸಲು ಹೋದಾಗ ಗಂಟು ಬೀಳುತ್ತದೆ. ಮಿನಿಟ್ಸ್ ಪುಸ್ತಕದಲ್ಲಿ "ಚರ್ಚಿಸಲಾಯಿತು" ಅಂತ ಬರೆದು ಬಿಡಬೇಡಿ. ಯಾರು ಬೇಡ ಅಂದರು, ಯಾಕೆ ಅಂದರು ಅನ್ನುವುದನ್ನೂ ಬರೆಯಿರಿ.

ಹೊಸಬರನ್ನು ನಾವು ನೇರವಾಗಿ ಸೇರಿಸಿಕೊಳ್ಳುವುದಿಲ್ಲ. ಒಂದು ವರ್ಷ ಭಾನುವಾರಗಳಲ್ಲಿ ಕೊನೆಯ ಸಾಲಿನಲ್ಲಿ ಕೂತು ಪಾಠ ಕೇಳಬೇಕು, ವಂತಿಗೆಗೆ ನಮ್ಮ ಜೊತೆ ನಾಲ್ಕು ಮನೆ ಹತ್ತಿ ಇಳಿಯಬೇಕು. ಈ ಸಲ ಹಾಗೆ ಬಂದವಳು ನಮ್ಮ ತರಗತಿಯಲ್ಲೇ ಓದಿದ ಹುಡುಗಿ, ಈಗ ವಕೀಲೆ. ಮೊದಲ ಮೀಟಿಂಗ್‌ನಲ್ಲೇ ಕೇಳಿದಳು: "ಅಕ್ಕಾ, ಕಾನ್ಸುಲೇಟ್ ಹಣ ಬೇಡ ಅಂತೀರಿ. ಹಾಗಾದ್ರೆ ಬ್ಯಾಂಕುಗಳು, ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ಕೊಡೋ ಸಿಎಸ್‌ಆರ್ ಹಣಕ್ಕೆ ಬೇರೆ ನ್ಯಾಯ ಯಾಕೆ?" ಅದಕ್ಕೆ ನಮ್ಮಲ್ಲಿ ಇನ್ನೂ ಒಂದು ಅಭಿಪ್ರಾಯ ಆಗಿಲ್ಲ. ಮುಂದಿನ ಮೀಟಿಂಗಿನ ಮೊದಲ ವಿಷಯವಾಗಿ ಅದನ್ನೇ ಇಟ್ಟಿದ್ದೇವೆ.