ಮಕ್ಕಳ ಡಾಕ್ಟರ ಟೋಕನ್: ಫೋನ್ ಎತ್ತುವವರ ಕಡೆಯಿಂದ

ಬೆಂಗಳೂರಿನ ಒಂದು ಮಕ್ಕಳ ಕ್ಲಿನಿಕ್‌ನಲ್ಲಿ ಫೋನ್ ಎತ್ತಿ ಟೋಕನ್ ಕೊಡುವುದು ನನ್ನ ಕೆಲಸ. ಯಾರನ್ನು ಈಗಲೇ ಬರಹೇಳಬೇಕು, ಯಾರನ್ನು ಸಂಜೆಗೆ, ಯಾರಿಗೆ ‘ಇಲ್ಲಿಗೆ ಬೇಡ, ನೇರ ಎಮರ್ಜೆನ್ಸಿಗೆ ಹೋಗಿ’ ಅನ್ನಬೇಕು ಎಂಬುದು ಮಾತಿನ ಮೊದಲ ಅರ್ಧ ನಿಮಿಷದಲ್ಲೇ ತೀರ್ಮಾನವಾಗುತ್ತದೆ. ಯಾವ ಲಕ್ಷಣಕ್ಕೆ ಸಾಲು ಬಿಡಿಸಿ ಒಳಗೆ ಕಳಿಸಬೇಕೆಂದು ಡಾಕ್ಟರು ನಮಗೆ ಮೊದಲೇ ಹೇಳಿರುತ್ತಾರೆ. ‘ತುಂಬಾ ಜ್ವರ ಮೇಡಂ, ಅರ್ಜೆಂಟು’ ಅಂದರೆ ನನಗೆ ಏನೂ ತಿಳಿಯುವುದಿಲ್ಲ. ಕರೆ ಮಾಡುವವರೆಲ್ಲರದೂ ಅರ್ಜೆಂಟೇ.

ಕೆಲಸಕ್ಕೆ ಬರುವ ಮಾತು ಹೀಗಿರುತ್ತದೆ: ‘ಒಂದೂವರೆ ವರ್ಷದ ಹುಡುಗ, ಹತ್ತು ಕೆಜಿ. ನಿನ್ನೆ ಸಂಜೆಯಿಂದ ಜ್ವರ. ಬೆಳಗ್ಗೆ ಏಳಕ್ಕೆ ಕಂಕುಳಲ್ಲಿ 102 ಇತ್ತು, ಆಗಲೇ ಪ್ಯಾರಾಸಿಟಮಾಲ್ ಕೊಟ್ವಿ. ಎರಡು ಸಲ ವಾಂತಿ. ನೀರು ಕುಡೀತಾನೆ, ಉಚ್ಚೆ ಮಾಡಿದಾನೆ.’ ಇಷ್ಟು ಹೇಳಲು ಇಪ್ಪತ್ತು ಸೆಕೆಂಡು ಸಾಕು. ಕರೆ ಮಾಡುವ ಮುಂಚೆ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಗಾಬರಿಯಲ್ಲೂ ತಪ್ಪುವುದಿಲ್ಲ. ಅಳತೆ ಕಂಕುಳಲ್ಲಿ ನೋಡಿದ್ದಾದರೆ ಹಾಗೆಂದೇ ಹೇಳಿ. ಅದಕ್ಕೆ ಒಂದು ಡಿಗ್ರಿ ಸೇರಿಸಿ ಹೇಳುವ ಅಭ್ಯಾಸ ಅನೇಕರಿಗಿದೆ, ಆಮೇಲೆ ಡಾಕ್ಟರೂ ಸೇರಿಸಿಕೊಂಡರೆ ಲೆಕ್ಕ ಕೆಡುತ್ತದೆ. ಮೈ ಮುಟ್ಟಿ ನೋಡಿದ್ದು ಅಳತೆಯಲ್ಲ.

ಔಷಧಿ ಎಷ್ಟು ಕೊಟ್ಟಿರಿ ಎಂದು ಕೇಳಿದರೆ ‘ಐದು ಎಂಎಲ್’ ಎಂಬ ಉತ್ತರ ಅರ್ಧ ಉತ್ತರ. ಪ್ಯಾರಾಸಿಟಮಾಲ್ ಸಿರಪ್ 5 ಎಂಎಲ್‌ಗೆ 120 ಅಥವಾ 125 ಮಿಲಿಗ್ರಾಂನದೂ ಇದೆ, 250 ಮಿಲಿಗ್ರಾಂನದೂ ಇದೆ. ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಒಂದೇ ಎಂಎಲ್‌ಗೆ 100 ಮಿಲಿಗ್ರಾಂ. ಒಂದು ಸಲಕ್ಕೆ ಕೊಡುವುದು ಕೆಜಿಗೆ ಸುಮಾರು 15 ಮಿಲಿಗ್ರಾಂ. ಹತ್ತು ಕೆಜಿ ಮಗುವಿಗೆ 150 ಮಿಲಿಗ್ರಾಂ ಅಂದರೆ 120ರ ಸಿರಪ್ ಆರು ಎಂಎಲ್ ಚಿಲ್ಲರೆ, 250ರದು ಮೂರು, ಡ್ರಾಪ್ಸ್ ಒಂದೂವರೆ. ಅದೇ ‘ಐದು ಎಂಎಲ್’ ಡ್ರಾಪ್ಸ್ ಹೋದರೆ 500 ಮಿಲಿಗ್ರಾಂ ಆಯಿತು, ಮೂರು ಪಟ್ಟಿಗಿಂತ ಹೆಚ್ಚು. ಒಂದು ಮಗುವಿನ ಬಾಟಲಿಯಿಂದ ಇನ್ನೊಂದಕ್ಕೆ ಸುರಿದಾಗ ಆಗುವುದೇ ಇದು. ಆದ್ದರಿಂದ ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕರೆ ಮಾಡಿ, ಲೇಬಲ್ ಓದಿ ಹೇಳಿ, ಬರುವಾಗ ಬಾಟಲಿಯನ್ನೂ ತನ್ನಿ. ಡೆಂಗಿ ಓಡಾಡುವ ಮಳೆಗಾಲದಲ್ಲಿ ಡಾಕ್ಟರನ್ನು ಕೇಳದೆ ಐಬುಪ್ರೊಫೆನ್ ಇರುವ ಸಿರಪ್ ಮುಟ್ಟಬೇಡಿ. ಕೊಟ್ಟಾಗಿದ್ದರೆ ಮುಚ್ಚಿಡದೆ ಹೇಳಿ.

ಕೆಲವಕ್ಕೆ ಟೋಕನ್ ಕೇಳುತ್ತಾ ಕೂರಬಾರದು. ಮೂರು ತಿಂಗಳೊಳಗಿನ ಕೂಸಿಗೆ ಜ್ವರ 100.4 ಮುಟ್ಟಿದರೆ, ಫಿಟ್ಸ್ ಬಂದರೆ, ತುಟಿ ನೀಲಿಯಾದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಎಂಟು ಗಂಟೆಯಿಂದ ಡಯಾಪರ್ ಒಣಗಿಯೇ ಇದ್ದರೆ 24 ಗಂಟೆ ಎಮರ್ಜೆನ್ಸಿ ಇರುವ ಆಸ್ಪತ್ರೆಗೇ ಹೋಗಬೇಕು. ವಾಹನ ಇಲ್ಲದಿದ್ದರೆ 108. ಉಸಿರಾಟದ ಬಗ್ಗೆ ಅನುಮಾನವಿದ್ದರೆ ಮಗು ಅಳದೆ ಇರುವಾಗ ಅಂಗಿ ಎತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗೆ 60, ಒಂದು ವರ್ಷದವರೆಗೆ 50, ಐದು ವರ್ಷದವರೆಗೆ 40. ಅಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಜೋರು ಉಸಿರು ಎಂದೇ ಅರ್ಥ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಕೂಸುಗಳ ಉಸಿರು ಒಂದೇ ಸಮ ಇರುವುದಿಲ್ಲ. ಪಕ್ಕೆಲುಬಿನ ಕೆಳಗೆ ಒಳಕ್ಕೆ ಸೆಳೆಯುತ್ತಿದ್ದರೆ ಎಣಿಸುತ್ತಾ ನಿಲ್ಲುವುದೂ ಬೇಡ. ಡೆಂಗಿಯಲ್ಲಿ ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಕಷ್ಟದ ಸಮಯ. ಆಗ ಹೊಟ್ಟೆನೋವು, ಬಿಡದ ವಾಂತಿ, ತಣ್ಣಗಾದ ಕೈಕಾಲು ಕಂಡರೆ ‘ಜ್ವರ ಬಿಟ್ಟಿದೆಯಲ್ಲ, ಸಂಜೆ ತೋರಿಸೋಣ’ ಅನ್ನುವ ಹಾಗಿಲ್ಲ.

ಇನ್ನು ಟೋಕನ್ ವಿಷಯ. ಆ್ಯಪ್‌ನಲ್ಲಿ ‘ಸ್ಲಾಟ್ ಇಲ್ಲ’ ಅಂತ ಬಂದರೆ ಆ್ಯಪ್‌ಗೆ ಬಿಟ್ಟುಕೊಟ್ಟ ಸ್ಲಾಟ್ ಮುಗಿದಿದೆ ಅಂತಷ್ಟೇ. ಫೋನಿಗೆ ಬೇರೆ, ನೇರ ಬಂದವರಿಗೆ ಬೇರೆ ಅಂತ ಇಟ್ಟುಕೊಂಡಿರುವ ಕ್ಲಿನಿಕ್‌ಗಳೇ ಹೆಚ್ಚು. ಬಾಗಿಲು ತೆರೆದ ಗಳಿಗೆಗೇ ಎಲ್ಲರೂ ಕರೆ ಮಾಡುವುದರಿಂದ ಲೈನ್ ಸಿಗುವುದಿಲ್ಲ, ಅದರಲ್ಲೂ ಸೋಮವಾರ ಕೇಳುವುದೇ ಬೇಡ. ಅರ್ಧ ಗಂಟೆ ಬಿಟ್ಟು ಮಾಡಿ, ಅಥವಾ ಕ್ಲಿನಿಕ್‌ಗೆ ವಾಟ್ಸ್‌ಆ್ಯಪ್ ಇದ್ದರೆ ಆ ಚೀಟಿಯ ಸಾಲುಗಳನ್ನೇ ಟೈಪ್ ಮಾಡಿ ಹಾಕಿ. ವಾಯ್ಸ್ ಮೆಸೇಜ್ ಬೇಡ, ಅಳುವ ಮಕ್ಕಳ ಮಧ್ಯೆ ಕೇಳಿಸುವುದಿಲ್ಲ. ದೊಡ್ಡ ಆಸ್ಪತ್ರೆಯಾದರೆ ಕಾಲ್ ಸೆಂಟರ್‌ನವರು ಪರದೆಯಲ್ಲಿ ಕಂಡಷ್ಟೇ ಹೇಳಬಲ್ಲರು. ಮಕ್ಕಳ ಓಪಿಡಿ ಡೆಸ್ಕ್‌ಗೆ ಕೊಡಿ ಎಂದು ಕೇಳಿದರೆ ಡಾಕ್ಟರು ಬಂದಿದ್ದಾರಾ, ಎಷ್ಟನೇ ಟೋಕನ್ ನಡೀತಿದೆ ಎಂಬುದು ಗೊತ್ತಾಗುತ್ತದೆ. ಬೆಳಗ್ಗೆ ಆಸ್ಪತ್ರೆಯಲ್ಲಿ ಕೂರುವ ಡಾಕ್ಟರು ಸಂಜೆ ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ಸಿಗುವುದು ಈ ಊರಲ್ಲಿ ಮಾಮೂಲು. ಎರಡೂ ಜಾಗದ ಫೀಸು ಒಂದೇ ಇರಬೇಕೆಂದಿಲ್ಲ.

ವಿಡಿಯೊದಲ್ಲಿ ತೋರಿಸುವುದಾದರೆ ಮಗುವಿನ ಜೊತೆ ದೊಡ್ಡವರೊಬ್ಬರು ಇರಲೇಬೇಕು, 2020ರ ಟೆಲಿಮೆಡಿಸಿನ್ ನಿಯಮವೇ ಹಾಗಿದೆ. ಗುಳ್ಳೆ, ಮಲಬದ್ಧತೆ, ರಿಪೋರ್ಟ್ ತೋರಿಸುವುದಕ್ಕೆ ಅದು ಸಾಕು. ಕಿವಿನೋವಿಗೆ, ಕಫಕ್ಕೆ ದುಡ್ಡು ದಂಡ, ಕೊನೆಗೆ ‘ಕರಕೊಂಡು ಬನ್ನಿ’ ಅಂತಲೇ ಹೇಳುತ್ತಾರೆ.

ಸರ್ಕಾರಿ ಆಸ್ಪತ್ರೆಗೆ ಹೋಗುವವರಿಗೆ ಸಾಮಾನ್ಯ ಜ್ವರ ನೆಗಡಿಗೆ ವಾರ್ಡಿನಲ್ಲಿ ಸರ್ಕಾರದ ‘ನಮ್ಮ ಕ್ಲಿನಿಕ್’ ಇದೆ, ಅಪಾಯಿಂಟ್‌ಮೆಂಟ್ ಬೇಕಿಲ್ಲ, ಆದರೆ ಅಲ್ಲಿರುವುದು ಮಕ್ಕಳ ತಜ್ಞರಲ್ಲ. ತಜ್ಞರೇ ಬೇಕೆಂದರೆ ನಿಮ್ಹಾನ್ಸ್ ಕಡೆಯ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ಇಲ್ಲವೇ ಕೆ.ಆರ್. ಮಾರ್ಕೆಟ್ ಹತ್ತಿರದ ವಾಣಿ ವಿಲಾಸ. ಓಪಿಡಿ ಚೀಟಿಯ ಸಾಲು ಬೆಳಗ್ಗೆಯೇ ಉದ್ದವಾಗುತ್ತದೆ, ಬೇಗ ಹೋಗಿ. ಆಧಾರ್, ರೇಷನ್ ಕಾರ್ಡ್, ಯಾರಾದರೂ ಬರೆದುಕೊಟ್ಟ ರೆಫರಲ್ ಇದ್ದರೆ ಅದು, ಹಳೇ ಚೀಟಿಗಳು ಒಂದೇ ಕವರ್‌ನಲ್ಲಿರಲಿ. ಕೌಂಟರ್ ಬಳಿ ಆಭಾ (ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆ) ಕ್ಯೂಆರ್ ಅಂಟಿಸಿದ್ದರೆ ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿ ವಿವರ ಕಳಿಸಿದರೆ ಟೋಕನ್ ಬರುತ್ತದೆ, ಹೆಸರು ವಿಳಾಸ ಬರೆಸುವ ಸಾಲು ತಪ್ಪುತ್ತದೆ.

ಎಲ್ಲೇ ಹೋಗಿ, ತಾಯಿ ಕಾರ್ಡ್ ಮರೆಯಬೇಡಿ. ಯಾವ ಲಸಿಕೆ ಆಗಿದೆ ಎಂದು ಡಾಕ್ಟರು ಕೇಳಿಯೇ ಕೇಳುತ್ತಾರೆ. ಬರೀ ಲಸಿಕೆಗೆ ಬರುವವರು ಅದಕ್ಕೆಂದೇ ಬೇರೆ ಸಮಯ ಇದೆಯೇ ಎಂದು ಕೇಳಿಕೊಳ್ಳಿ, ಜ್ವರದ ಮಕ್ಕಳ ನಡುವೆ ಎಳೆ ಕೂಸನ್ನು ಕೂರಿಸುವುದು ಬೇಡ. ಮೈಮೇಲೆ ಗುಳ್ಳೆ ಎದ್ದಿದ್ದರೆ ಒಳಗೆ ಬರುವ ಮೊದಲು ಬಾಗಿಲಲ್ಲೇ ಹೇಳಿ, ಬೇರೆ ಕಡೆ ಕೂರಿಸುತ್ತೇವೆ. ಹೊರಡುವ ಮುಂಚೆ ಮೂರು ಕೇಳಿಕೊಳ್ಳಿ: ಜ್ವರ ನಿಲ್ಲದಿದ್ದರೆ ಯಾವ ದಿನ ಮತ್ತೆ ಬರಬೇಕು, ಎಷ್ಟು ದಿನದೊಳಗೆ ಬಂದರೆ ಮತ್ತೆ ಫೀಸಿಲ್ಲ, ಬ್ಲಡ್ ರಿಪೋರ್ಟ್ ಯಾವ ನಂಬರಿಗೆ ಕಳಿಸಬೇಕು. ರಿಪೋರ್ಟ್ ಕಳಿಸುವಾಗ ಮಗುವಿನ ಹೆಸರು, ತೋರಿಸಿದ ತಾರೀಖು ಜೊತೆಗೆ ಹಾಕಿ. ಬರೀ ಫೋಟೊ ಬಂದರೆ ಯಾವ ಮಗುವಿನದೆಂದು ನಾವು ತಿರುಗಿ ಫೋನ್ ಮಾಡಿ ಕೇಳಬೇಕಾಗುತ್ತದೆ.