ಕ್ರೂಸರ್ ನೌಕೆಯ ಚರಿತ್ರೆ ತಪ್ಪಿಲ್ಲದೆ ಬರೆಯುವುದು ಹೇಗೆ?

ಡಿಸೆಂಬರ್ 4ರ ನೌಕಾಪಡೆ ದಿನ ಬಂತೆಂದರೆ ಐಎನ್‌ಎಸ್ ಮೈಸೂರು ಬಗ್ಗೆ ಬರಹಗಳ ಸುರಿಮಳೆ. 1971ರ ಯುದ್ಧದಲ್ಲಿದ್ದ ಹಳೆಯ ಹಡಗಿನ ಕಥೆಗೆ ಅದೇ ಹೆಸರಿನ ಈಗಿನ ಕ್ಷಿಪಣಿ ನೌಕೆಯ ಫೋಟೊ ಅಂಟಿಸಿರುತ್ತಾರೆ! ಶಾಲಾ ಪ್ರಾಜೆಕ್ಟಿಗೆಂದು ಅಂಗಡಿಯಲ್ಲಿ ಸಿಗುವ ಚಾರ್ಟುಗಳನ್ನಂತೂ ನಂಬಲೇಬೇಡಿ.

1. ಹಡಗು ಯಾವುದೆಂದು ಗಟ್ಟಿ ಮಾಡಿಕೊಳ್ಳಿ. ಹಳೆಯ ಮೈಸೂರು ಕ್ರೂಸರ್ (ದೊಡ್ಡ ತೋಪುಗಳ ಯುದ್ಧನೌಕೆ), ಹಡಗಿನ ಸಂಖ್ಯೆ ಸಿ60. 1999ರಲ್ಲಿ ಬಂದದ್ದು ಡಿಸ್ಟ್ರಾಯರ್, ಡಿ60.

2. ಪೂರ್ವಾಶ್ರಮದ ಹೆಸರು ಹುಡುಕಿ. ಹಳೆಯ ಮೈಸೂರು ಮೊದಲು ಬ್ರಿಟನ್ನಿನ ಎಚ್‌ಎಂಎಸ್ ನೈಜೀರಿಯಾ. ವಸಾಹತುಗಳ ಹೆಸರಿಟ್ಟ ಸಾಲಿನದು, ನೈಜೀರಿಯಾ ದೇಶದ ಹಡಗಲ್ಲ.

3. ದಿನಾಂಕಗಳನ್ನು ಬೆರೆಸಬೇಡಿ. ನೀರಿಗಿಳಿದದ್ದು 1939ರ ಜುಲೈ, ಸೇವೆಗೆ ಸೇರಿದ್ದು 1940ರ ಸೆಪ್ಟೆಂಬರ್. ಭಾರತ ಕೊಂಡದ್ದು 1954ರಲ್ಲಾದರೂ, ಬರ್ಕೆನ್‌ಹೆಡ್‌ನಲ್ಲಿ ನವೀಕರಣವಾಗಿ ಐಎನ್‌ಎಸ್ ಮೈಸೂರು ಆದದ್ದು 1957ರ ಆಗಸ್ಟ್ 29ರಂದು.

4. ಈಗ ಎಲ್ಲರೂ ಎಡವುವ ಜಾಗ: ಅಂಕಿಅಂಶ. ಯಾವ ವರ್ಷದ್ದು, ಯಾವ ಬಗೆಯದು ಎಂದು ಹೇಳದ ಅಂಕಿಗೆ ಅರ್ಥವಿಲ್ಲ. ತೂಕವನ್ನೇ ನೋಡಿ. ಒಂದು ಕಡೆ 8,500 ಟನ್ ಆಸುಪಾಸು, ಇನ್ನೊಂದು ಕಡೆ 10,000 ದಾಟಿದ ಅಂಕಿ, ಎರಡೂ ಸರಿಯೇ. ಮೊದಲನೆಯದು 'ಸ್ಟಾಂಡರ್ಡ್' ತೂಕ. 1922ರ ವಾಷಿಂಗ್ಟನ್ ಒಪ್ಪಂದದ ಪ್ರಕಾರ ಇದರಲ್ಲಿ ಸಿಬ್ಬಂದಿ, ಮದ್ದುಗುಂಡು, ದಿನಸಿ ಎಲ್ಲ ಸೇರುತ್ತವೆ. ಇಂಧನ ಮತ್ತು ಬಾಯ್ಲರಿನ ಮೀಸಲು ನೀರು ಸೇರುವುದಿಲ್ಲ. ಎರಡನೆಯದು ಪೂರ್ತಿ ತುಂಬಿದ ತೂಕ. ಎರಡರ ಸರಾಸರಿ ತೆಗೆಯುವ ಜಾಣರೂ ಇದ್ದಾರೆ, ದಯವಿಟ್ಟು ಬೇಡ. ನನ್ನ ಕೇಳಿದರೆ ಸ್ಟಾಂಡರ್ಡ್ ಒಂದನ್ನೇ ಕೊಡಿ, ಹಾಗೆಂದು ಹೆಸರಿಸಿ ಕೊಡಿ.

'ಲೈಟ್ ಕ್ರೂಸರ್' ಎಂದೊಡನೆ ಹಗುರ ಹಡಗು ಎಂದು ಬರೆಯುವುದು ಇನ್ನೊಂದು ಎಡವಟ್ಟು. 1930ರ ಲಂಡನ್ ಒಪ್ಪಂದ ಹೆವಿ, ಲೈಟ್ ಎಂದು ಗೆರೆ ಎಳೆದದ್ದು ತೋಪಿನ ಬಾಯಿಯ ಅಳತೆಯ ಮೇಲೆ: 155 ಮಿಲಿಮೀಟರಿನೊಳಗಿದ್ದರೆ ಲೈಟ್. ನೈಜೀರಿಯಾದ ತೋಪುಗಳು 6 ಇಂಚಿನವು, ಅಂದರೆ 152 ಮಿಲಿಮೀಟರ್. ಹಡಗು ಹೊಸದಾಗಿದ್ದಾಗ ಅವು 12; ಮೈಸೂರು ಆದಾಗ 9. ಮೂರು ತೋಪಿನ ಒಂದು ಟರೆಟ್ಟನ್ನೇ (ತೋಪು ಕೂರಿಸಿದ ತಿರುಗುವ ಗೂಡು) ತೆಗೆದಿದ್ದರು. ಯುದ್ಧದ ಕೊನೆಗೆ ಈ ಸಾಲಿನ ಹಲವು ಹಡಗುಗಳಲ್ಲೂ ಹಾಗೆ ಮಾಡಿ ವಿಮಾನ ಹೊಡೆಯುವ ತೋಪುಗಳಿಗೆ ಜಾಗ ಮಾಡಿಕೊಂಡಿದ್ದರು. ವೇಗಕ್ಕೆ 'ಗಂಟೆಗೆ ಇಷ್ಟು ನಾಟ್' ಎನ್ನಬೇಡಿ. ನಾಟ್ ಎಂದರೇ ಗಂಟೆಗೆ 1.852 ಕಿಲೋಮೀಟರ್.

5. ಸೇವಾ ಚರಿತ್ರೆ ಸುಲಭ, ಉದ್ದ ಮಾಡಬೇಡಿ. 1942ರ ಆಗಸ್ಟ್ 12ರಂದು ಮಾಲ್ಟಾಕ್ಕೆ ಹೊರಟ ಹಡಗುಪಡೆಯಲ್ಲಿದ್ದಾಗ ಇಟಲಿಯ ಜಲಾಂತರ್ಗಾಮಿ ಆಕ್ಸಮ್‌ನ ಟಾರ್ಪಿಡೊ ನೈಜೀರಿಯಾಕ್ಕೆ ಬಡಿಯಿತು, ಹಡಗು ಮುಳುಗಲಿಲ್ಲ. 1961ರ ಡಿಸೆಂಬರಿನಲ್ಲಿ ನಮ್ಮ ಕಾರವಾರದೆದುರಿನ, ಆಗ ಪೋರ್ಚುಗೀಸರ ವಶದಲ್ಲಿದ್ದ ಅಂಜುದೀವ್ ದ್ವೀಪದ ಮೇಲಿನ ಕಾರ್ಯಾಚರಣೆಗೆ ಮೈಸೂರು ತೋಪಿನ ಬೆಂಬಲ ಕೊಟ್ಟಿತು; ಇದನ್ನೇ ಬಿಟ್ಟು ಬರೆಯುವ ಕನ್ನಡಿಗರನ್ನು ಏನೆನ್ನಲಿ? 1971ರಲ್ಲಿ ಪಶ್ಚಿಮ ನೌಕಾದಳದ ಧ್ವಜನೌಕೆ (ದಳದ ಮುಖ್ಯಸ್ಥರಿರುವ ಹಡಗು), 1985ರಲ್ಲಿ ನಿವೃತ್ತಿ.

6. ಫೋಟೊ ಹಾಕುವ ಮೊದಲು ಹಿಂಭಾಗದ ದೊಡ್ಡ ಟರೆಟ್ ಎಣಿಸಿ. ಎರಡಿದ್ದರೆ ನೈಜೀರಿಯಾ, ಒಂದೇ ಇದ್ದರೆ ಮೈಸೂರು.