ಫೋಲ್ಡರ್ ಕಿಟಕಿಯನ್ನು ನನ್ನ ಕೆಲಸಕ್ಕೆ ಒಗ್ಗಿಸಿಕೊಂಡಿದ್ದು

ಪುಸ್ತಕಗಳ ಪುಟ ಕಟ್ಟುವುದು ನನ್ನ ಕೆಲಸ. ಬೆಳಗ್ಗೆ ಕಂಪ್ಯೂಟರ್ ಮುಂದೆ ಕೂತರೆ ಸಂಜೆಯವರೆಗೂ ಫೈಲ್‌ಗಳ ಜೊತೆಗೇ ಒಡನಾಟ. ಟೈಪ್ ಆಗಿ ಬಂದ ಬರಹ, ಸ್ಕ್ಯಾನ್ ಮಾಡಿದ ಚಿತ್ರ, ತಿದ್ದುಪಡಿಯ ಪಿಡಿಎಫ್, ಮತ್ತೆ ತಿದ್ದುಪಡಿ. ಇಷ್ಟಾದರೂ ಫೋಲ್ಡರ್ ತೆರೆದಾಗ ಬರುವ ಕಿಟಕಿ, ಅಂದರೆ ವಿಂಡೋಸ್‌ನ ಫೈಲ್ ಎಕ್ಸ್‌ಪ್ಲೋರರ್, ಹೇಗೆ ತೆರೆದುಕೊಳ್ಳುತ್ತಿತ್ತೋ ಹಾಗೇ ಬಳಸುತ್ತಿದ್ದೆ. ಒಂದು ಫೋಲ್ಡರ್‌ನಲ್ಲಿ ದೊಡ್ಡ ದೊಡ್ಡ ಐಕಾನ್, ಇನ್ನೊಂದರಲ್ಲಿ ಪಟ್ಟಿ, ಮತ್ತೊಂದರಲ್ಲಿ ಇನ್ನೇನೋ. ಅದನ್ನು ಬದಲಾಯಿಸಬಹುದು ಅಂತ ಗೊತ್ತಿತ್ತು. ಬದಲಾಯಿಸಲೇಬೇಕು ಅಂತ ಅನಿಸಿರಲಿಲ್ಲ.

ಒಂದು ದಿನ ತಪ್ಪು ಫೈಲ್ ಕಳಿಸಿಬಿಟ್ಟೆ.

ಫೋಲ್ಡರ್‌ನಲ್ಲಿ ಎರಡು ಪಿಡಿಎಫ್ ಇದ್ದವು. ಒಂದರ ಹೆಸರು ‘ಅಧ್ಯಾಯ 4 ಪುಟ ವಿನ್ಯಾಸ ಲೇಖಕರ ತಿದ್ದುಪಡಿ ಮೊದಲ ಸಲ’. ಇನ್ನೊಂದು ‘ಅಧ್ಯಾಯ 4 ಪುಟ ವಿನ್ಯಾಸ ಲೇಖಕರ ತಿದ್ದುಪಡಿ ಎರಡನೇ ಸಲ’. ಪರದೆಯ ಮೇಲೆ ಕಂಡಿದ್ದು ಮಾತ್ರ ಎರಡಕ್ಕೂ ಒಂದೇ: ‘ಅಧ್ಯಾಯ 4 ಪುಟ ವಿನ್ಯಾಸ ಲೇಖಕರ ತಿ...’. ಹೆಸರಿನ ಕಾಲಂ ಅಷ್ಟು ಕಿರಿದಾಗಿತ್ತು. ಕೆಳಗಿರುವುದೇ ಆಮೇಲೆ ಮಾಡಿದ್ದು ಅಂದುಕೊಂಡು ಅದನ್ನು ಕಳಿಸಿದೆ. ಆದರೆ ಪಟ್ಟಿ ಇದ್ದದ್ದು ಅಕ್ಷರದ ಕ್ರಮದಲ್ಲಿ. ‘ಎರಡನೇ’ಯ ಎಕಾರ ‘ಮೊದಲ’ದ ಮಕಾರಕ್ಕಿಂತ ಮುಂಚೆ ಬರುತ್ತದೆ. ಹಾಗಾಗಿ ಎರಡನೇ ಸಲದ್ದು ಮೇಲೆ, ಮೊದಲ ಸಲದ್ದು ಕೆಳಗೆ. ಲೇಖಕರು ಒಂದೊಂದೇ ಸಾಲು ನೋಡಿ ತಿದ್ದಿಕೊಟ್ಟಿದ್ದ ಪುಟಗಳು ಹಾಗೇ ಉಳಿದು, ಹಳೆಯ ತಪ್ಪುಗಳೇ ಅಚ್ಚಿನ ಮಾದರಿಯಲ್ಲಿ ಬಂದವು. ಅಚ್ಚಾಗುವ ಮುಂಚೆ ಅವರ ಕಣ್ಣಿಗೆ ಬಿತ್ತು, ನಿಜ. ಆದರೂ ಆ ದಿನ ನನಗೆ ಬಹಳ ಬೇಜಾರಾಯಿತು. ಆ ಸಂಜೆಯೇ ಕೂತು ಫೋಲ್ಡರ್‌ಗಳನ್ನು ಸರಿಮಾಡಿಕೊಳ್ಳಲು ಶುರು ಮಾಡಿದೆ.

ಮೊದಲು ಮಾಡಿದ್ದು ತೀರ ಸಣ್ಣ ಕೆಲಸ. ಫೋಲ್ಡರ್ ತೆರೆದು ಡೀಟೇಲ್ಸ್ ವ್ಯೂಗೆ, ಅಂದರೆ ಹೆಸರು, ದಿನಾಂಕ ಎಲ್ಲ ಕಾಲಂಗಳಲ್ಲಿ ಕಾಣುವ ನೋಟಕ್ಕೆ, ತಂದೆ. ಕಂಟ್ರೋಲ್ ಮತ್ತು ಶಿಫ್ಟ್ ಒತ್ತಿ ಹಿಡಿದು 6 ಒತ್ತಿದರೆ ಡೀಟೇಲ್ಸ್ ಬರುತ್ತದೆ. 1ರಿಂದ 8ರವರೆಗೆ ಒಂದೊಂದು ಅಂಕಿಗೂ ಒಂದೊಂದು ವ್ಯೂ ಇದೆ. 1 ಅಂದರೆ ಅತಿ ದೊಡ್ಡ ಐಕಾನ್, 5 ಅಂದರೆ ಲಿಸ್ಟ್. ಎಂಟನ್ನೂ ನೆನಪಿಟ್ಟುಕೊಳ್ಳುವ ಅಗತ್ಯ ನನಗೆ ಬಂದಿಲ್ಲ. 6 ಮತ್ತು 2 ಸಾಕು. ಬರಹಕ್ಕೆ 6, ಚಿತ್ರಕ್ಕೆ 2.

ಡೀಟೇಲ್ಸ್‌ನಲ್ಲಿ ಮೇಲುಗಡೆ ಕಾಲಂಗಳ ತಲೆಪಟ್ಟಿ ಇರುತ್ತದಲ್ಲ, ಅಲ್ಲಿ ‘ನೇಮ್’ ಮತ್ತು ಅದರ ಪಕ್ಕದ ಕಾಲಂ ನಡುವೆ ಒಂದು ತೆಳು ಗೆರೆ ಇದೆ. ಮೌಸ್ ಅದರ ಮೇಲೆ ಒಯ್ದರೆ ಬಾಣ ಎರಡು ಕಡೆಗೆ ತಿರುಗುತ್ತದೆ. ಆಗ ಡಬಲ್ ಕ್ಲಿಕ್ ಮಾಡಿದರೆ ಪಟ್ಟಿಯಲ್ಲಿರುವ ಅತಿ ಉದ್ದದ ಹೆಸರಿಗೆ ತಕ್ಕಷ್ಟು ಕಾಲಂ ತಾನೇ ಅಗಲವಾಗುತ್ತದೆ. ಎಲ್ಲ ಕಾಲಂಗಳನ್ನೂ ಒಟ್ಟಿಗೆ ಹಾಗೆ ಮಾಡಬೇಕಾದರೆ ಕಂಟ್ರೋಲ್ ಹಿಡಿದು, ಕೀಬೋರ್ಡಿನ ಬಲಗಡೆ ಅಂಕಿಗಳ ಗುಂಪಿನಲ್ಲಿರುವ ಪ್ಲಸ್ ಒತ್ತಬೇಕು. ಆ ಎರಡು ಕ್ಲಿಕ್ ಮಾಡಿದ ಕೂಡಲೇ ‘ಮೊದಲ ಸಲ’, ‘ಎರಡನೇ ಸಲ’ ಎರಡೂ ಪೂರ್ತಿ ಕಂಡವು. ಇಷ್ಟು ಗೊತ್ತಿದ್ದಿದ್ದರೆ ಆ ತಪ್ಪೇ ಆಗುತ್ತಿರಲಿಲ್ಲ.

ಇನ್ನು ದಿನಾಂಕದ ವಿಷಯ. ನಾನು ಬಹಳ ಹೊತ್ತು ಕಳೆದದ್ದು ಇಲ್ಲೇ. ಕಾಲಂ ತಲೆಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿದರೆ ಯಾವ ಯಾವ ಕಾಲಂ ಬೇಕು ಅಂತ ಟಿಕ್ ಹಾಕಿಕೊಳ್ಳಬಹುದು. ಕೊನೆಯಲ್ಲಿ ‘ಮೋರ್’ ಒತ್ತಿದರೆ ನೂರಾರು ಹೆಸರುಗಳ ಪಟ್ಟಿಯೇ ಬರುತ್ತದೆ. ಸಾಮಾನ್ಯವಾಗಿ ಕಾಣುವುದು ‘ಡೇಟ್ ಮಾಡಿಫೈಡ್’, ಅಂದರೆ ಕೊನೆಯ ಸಲ ಬದಲಾದ ದಿನ. ಅದರ ಜೊತೆ ‘ಡೇಟ್ ಕ್ರಿಯೇಟೆಡ್’ ಕೂಡ ಸೇರಿಸಿದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದಾಗ ಒಂದು ವಿಚಿತ್ರ ಕಂಡಿತು. ಕೆಲವು ಫೈಲ್‌ಗಳು ಹುಟ್ಟುವ ಮುಂಚೆಯೇ ಬದಲಾಗಿದ್ದವು! ಮಾರ್ಚ್‌ನಲ್ಲಿ ಬದಲಾಗಿದೆ, ಜೂನ್‌ನಲ್ಲಿ ಹುಟ್ಟಿದೆ.

ಕಾರಣ ತಿಳಿದ ಮೇಲೆ ಸರಳ ಅನಿಸಿತು. ಪೆನ್‌ಡ್ರೈವ್‌ನಿಂದ ಒಂದು ಫೈಲ್ ನಕಲು ಮಾಡಿಕೊಂಡಾಗ, ಬದಲಾದ ದಿನ ಹಳೆಯದೇ ಉಳಿಯುತ್ತದೆ. ಒಳಗಿನ ಬರಹ ಬದಲಾಗಿಲ್ಲವಲ್ಲ. ಆದರೆ ಈ ಡಿಸ್ಕ್‌ನಲ್ಲಿ ಈ ನಕಲು ಹುಟ್ಟಿದ್ದು ಇವತ್ತು. ಹಾಗಾಗಿ ಕ್ರಿಯೇಟೆಡ್ ಇವತ್ತಿನದು. ಅಂದರೆ ಇವೆರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ‘ಇದನ್ನು ಕೊನೆಗೆ ತಿದ್ದಿದ್ದು ಯಾವಾಗ?’ ಅನ್ನುವುದಕ್ಕೆ ಮಾಡಿಫೈಡ್. ‘ಇದು ನನ್ನ ಕೈಗೆ ಬಂದಿದ್ದು ಯಾವಾಗ?’ ಅನ್ನುವುದಕ್ಕೆ ಕ್ರಿಯೇಟೆಡ್. ಹಲವು ಫೈಲ್ ಒಟ್ಟಿಗೆ ಕಟ್ಟಿಟ್ಟ ಜಿಪ್ ಬಿಡಿಸಿದಾಗಲೂ ಒಳಗಿನ ಫೈಲ್‌ಗಳು ತಮ್ಮ ಹಳೆಯ ಮಾಡಿಫೈಡ್ ದಿನವನ್ನೇ ಹೊತ್ತುಕೊಂಡು ಬರುತ್ತವೆ. ಈಗ ತಾನೇ ಬಿಡಿಸಿದ ಫೈಲ್ ಪಟ್ಟಿಯ ಮೇಲೆ ಕಾಣದೆ ಎಲ್ಲೋ ಕೆಳಗೆ ಸೇರಿಕೊಳ್ಳುವುದು ಇದಕ್ಕೇ. ಈಗ ನನ್ನ ‘ಬಂದದ್ದು’ ಅನ್ನುವ ಫೋಲ್ಡರ್ ಕ್ರಿಯೇಟೆಡ್ ಪ್ರಕಾರ ಜೋಡಿಸಿದೆ. ‘ಕೆಲಸ’ ಅನ್ನುವ ಫೋಲ್ಡರ್ ಮಾಡಿಫೈಡ್ ಪ್ರಕಾರ. ಕಾಲಂ ಹೆಸರಿನ ಮೇಲೆ ಒಂದು ಸಲ ಕ್ಲಿಕ್ ಮಾಡಿದರೆ ಜೋಡಣೆ, ಇನ್ನೊಂದು ಸಲ ಮಾಡಿದರೆ ತಲೆಕೆಳಗು.

ಎಲ್ಲ ಸರಿಯಾಯಿತು ಅಂದುಕೊಂಡು ಮಲಗಿದೆ. ಮಾರನೇ ದಿನ ಚಿತ್ರಗಳ ಫೋಲ್ಡರ್ ತೆರೆದರೆ ನನ್ನ ಕಾಲಂಗಳೇ ಇಲ್ಲ. ಲೇಖಕರ ಧ್ವನಿ ಮುದ್ರಣ ಇಟ್ಟಿದ್ದ ಫೋಲ್ಡರ್‌ನಲ್ಲಂತೂ ಆಲ್ಬಂ, ಕಲಾವಿದರು ಅಂತ ಖಾಲಿ ಕಾಲಂಗಳು ಕೂತಿದ್ದವು. ಒಂದೊಂದು ಫೋಲ್ಡರ್‌ಗೂ ಹೋಗಿ ಇದನ್ನೇ ಮಾಡುವುದಾದರೆ ಮುಗಿಯುವ ಮಾತಲ್ಲ.

ಇದಕ್ಕೆ ದಾರಿ ಫೋಲ್ಡರ್ ಆಪ್ಷನ್ಸ್‌ನಲ್ಲಿದೆ. ವಿಂಡೋಸ್ 11ರಲ್ಲಿ ಮೇಲಿನ ಮೂರು ಚುಕ್ಕಿ ಒತ್ತಿದರೆ ಆಪ್ಷನ್ಸ್ ಸಿಗುತ್ತದೆ. 10ರಲ್ಲಿ ವ್ಯೂ ಟ್ಯಾಬ್‌ನ ಬಲತುದಿಯಲ್ಲಿ. ಅದರೊಳಗಿನ ವ್ಯೂ ಅನ್ನುವ ಪುಟದಲ್ಲಿ ‘ಅಪ್ಲೈ ಟು ಫೋಲ್ಡರ್ಸ್’ ಅಂತ ಗುಂಡಿ ಇದೆ. ಸರಿಮಾಡಿಕೊಂಡ ಫೋಲ್ಡರ್‌ನಲ್ಲಿ ನಿಂತು ಅದನ್ನು ಒತ್ತಿದೆ. ಒಂದು ಪ್ರಶ್ನೆ ಬಂತು, ಓದದೆ ‘ಯೆಸ್’ ಒತ್ತಿದೆ. ಚಿತ್ರಗಳ ಫೋಲ್ಡರ್ ಮಾತ್ರ ಹಾಗೇ ಇತ್ತು. ಮತ್ತೆ ಒತ್ತಿದೆ, ಹಾಗೇ ಇತ್ತು. ಮೂರನೇ ಸಲ ಆ ಪ್ರಶ್ನೆಯನ್ನು ಓದಿದೆ. ಎಲ್ಲ ಫೋಲ್ಡರ್‌ಗಳಿಗೂ ಹಾಕಲೇ ಅಂತ ಅದು ಕೇಳುತ್ತಿರಲಿಲ್ಲ. ಈ ಬಗೆಯ ಫೋಲ್ಡರ್‌ಗಳಿಗೆಲ್ಲ ಹಾಕಲೇ ಅಂತ ಕೇಳುತ್ತಿತ್ತು.

ಗುಟ್ಟು ಇದ್ದದ್ದು ಈ ‘ಬಗೆ’ಯಲ್ಲಿ. ವಿಂಡೋಸ್ ತನ್ನ ಲೆಕ್ಕದಲ್ಲಿ ಫೋಲ್ಡರ್‌ಗಳನ್ನು ಐದು ಬಗೆ ಮಾಡಿಟ್ಟಿದೆ: ಸಾಮಾನ್ಯ, ದಾಖಲೆ, ಚಿತ್ರ, ಸಂಗೀತ, ವಿಡಿಯೊ. ಒಳಗೆ ಯಾವ ಥರದ ಫೈಲ್ ಜಾಸ್ತಿ ಇದೆ ಅಂತ ನೋಡಿ ತಾನೇ ಒಂದು ಬಗೆಯನ್ನು ಊಹಿಸುತ್ತದೆ. ಒಂದೊಂದು ಬಗೆಗೂ ಬೇರೆ ಕಾಲಂ, ಬೇರೆ ಜೋಡಣೆ. ಬರಹದ ಫೋಲ್ಡರ್‌ಗೆ ಒಂದಿಷ್ಟು ಸ್ಕ್ಯಾನ್ ಮಾಡಿದ ಪುಟ ತಂದು ಹಾಕಿದರೆ ಅದು ಚಿತ್ರದ ಫೋಲ್ಡರ್ ಆಗಿಬಿಡಬಹುದು. ಸೆಟ್ಟಿಂಗ್ ಮರೆತುಹೋಗುತ್ತಿದೆ ಅಂತ ನನಗೆ ಅನಿಸುತ್ತಿದ್ದುದು ಇದೇ. ಅದು ಏನನ್ನೂ ಮರೆತಿರಲಿಲ್ಲ. ಫೋಲ್ಡರ್‌ನ ಬಗೆ ಬದಲಾಗಿತ್ತು ಅಷ್ಟೇ.

ಬಗೆಯನ್ನು ನಾವೇ ಹೇಳಬಹುದು. ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಅಲ್ಲಿ ಕಸ್ಟಮೈಸ್ ಅನ್ನುವ ಪುಟ. ಮೇಲೆಯೇ ಒಂದು ಚೌಕದಲ್ಲಿ ಐದು ಬಗೆಗಳೂ ಇವೆ. ಕೆಳಗೆ, ಇದೇ ಬಗೆಯನ್ನು ಒಳಗಿನ ಎಲ್ಲ ಫೋಲ್ಡರ್‌ಗಳಿಗೂ ಹಾಕು ಅನ್ನುವ ಟಿಕ್. ನನ್ನ ಪುಸ್ತಕಗಳೆಲ್ಲ ಒಂದೇ ದೊಡ್ಡ ಫೋಲ್ಡರ್ ಒಳಗಿವೆ. ಅದನ್ನು ‘ಜನರಲ್ ಐಟಮ್ಸ್’ ಮಾಡಿ, ಟಿಕ್ ಹಾಕಿ, ಓಕೆ ಒತ್ತಿದೆ. ಆಮೇಲೆ ಒಳಗಿನ ಒಂದು ಫೋಲ್ಡರ್‌ಗೆ ಹೋಗಿ ಕಾಲಂಗಳನ್ನು ಬೇಕಾದಂತೆ ಇಟ್ಟುಕೊಂಡು, ಅಲ್ಲಿಂದ ‘ಅಪ್ಲೈ ಟು ಫೋಲ್ಡರ್ಸ್’ ಒತ್ತಿದೆ. ಈ ಸಲ ಎಲ್ಲ ಒಂದೇ ಥರ ಆದವು. ಕೊನೆಗೆ ಚಿತ್ರಗಳಿಗೆಂದೇ ಇರುವ ಫೋಲ್ಡರ್‌ಗಳನ್ನು ಮಾತ್ರ ಬೇರೆಯಾಗಿ ‘ಪಿಕ್ಚರ್ಸ್’ ಮಾಡಿ, ಒಂದರಲ್ಲಿ ದೊಡ್ಡ ಐಕಾನ್ ಇಟ್ಟು ಮತ್ತೆ ಅಪ್ಲೈ ಮಾಡಿದೆ. ಈ ಕ್ರಮ ಮುಖ್ಯ. ಮೊದಲು ಬಗೆ, ಆಮೇಲೆ ಕಾಲಂ, ಕೊನೆಗೆ ಅಪ್ಲೈ. ಹಿಂದುಮುಂದಾದರೆ ಮಾಡಿದ್ದನ್ನೇ ಮಾಡಬೇಕಾಗುತ್ತದೆ. ವಿಂಡೋಸ್ ತನ್ನ ಒಳಗಿನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಗೆ ಕೈಹಾಕಿ ಈ ಊಹೆಯನ್ನೇ ನಿಲ್ಲಿಸುವ ದಾರಿಯೂ ಇದೆ. ನನಗೆ ಅದರ ಅಗತ್ಯ ಬಿದ್ದಿಲ್ಲ. ಕೆಲಸದ ಕಂಪ್ಯೂಟರ್‌ನಲ್ಲಿ ಸುಮ್ನೆ ಅಲ್ಲಿಗೆ ಹೋಗುವುದು ನನಗೆ ಇಷ್ಟವೂ ಇಲ್ಲ.

ಡೌನ್‌ಲೋಡ್ಸ್ ಫೋಲ್ಡರ್ ಕಥೆ ಬೇರೆ. ಅಲ್ಲಿ ಫೈಲ್‌ಗಳು ಇವತ್ತು, ನಿನ್ನೆ, ಹೋದ ವಾರ ಅಂತ ಗುಂಪುಗುಂಪಾಗಿ ಬರುತ್ತವೆ. ಹೆಸರಿನ ಪ್ರಕಾರ ಜೋಡಿಸಿದರೂ ಜೋಡಣೆ ನಡೆಯುವುದು ಒಂದೊಂದು ಗುಂಪಿನ ಒಳಗೆ ಮಾತ್ರ. ಹಾಗಾಗಿ ಪಟ್ಟಿ ಕೆಟ್ಟಂತೆ ಕಾಣುತ್ತದೆ. ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, ‘ಗ್ರೂಪ್ ಬೈ’ಯಲ್ಲಿ ‘ನನ್’ (None) ಆರಿಸಿದರೆ ಗುಂಪು ಹೋಗುತ್ತದೆ. ಕೆಲವರಿಗೆ ಗುಂಪೇ ಇಷ್ಟ. ನನಗೆ ಒಂದೇ ಉದ್ದ ಪಟ್ಟಿ ಬೇಕು.

ಫೈಲ್ ಹೆಸರಿನ ಬಾಲದ ಬಗ್ಗೆ, ಅಂದರೆ ಕೊನೆಯ ಚುಕ್ಕಿ ಆದ ಮೇಲೆ ಬರುವ ಎಕ್ಸ್‌ಟೆನ್ಷನ್ ಬಗ್ಗೆ, ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ವಿಂಡೋಸ್ ಅದನ್ನು ತಾನಾಗಿಯೇ ಮರೆಮಾಡಿರುತ್ತದೆ. ದಯವಿಟ್ಟು ಕಾಣುವಂತೆ ಮಾಡಿಕೊಳ್ಳಿ. ವಿಂಡೋಸ್ 11ರಲ್ಲಿ ವ್ಯೂ, ಶೋ, ಅಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’. ನನ್ನ ಕೆಲಸದಲ್ಲಿ ಒಂದೇ ಹೆಸರಿನ ಮೂರು ಫೈಲ್ ಇರುವುದು ಮಾಮೂಲು: ವರ್ಡ್‌ನದು, ಪುಟ ವಿನ್ಯಾಸದ್ದು, ಪಿಡಿಎಫ್. ಬಾಲ ಕಾಣದಿದ್ದರೆ ಐಕಾನ್ ನೋಡಿಯೇ ಗುರುತು ಹಿಡಿಯಬೇಕು. ಇದಕ್ಕಿಂತ ದೊಡ್ಡ ಕಾರಣವೂ ಇದೆ. 2000ದ ಮೇ ತಿಂಗಳಲ್ಲಿ ಜಗತ್ತಿನ ತುಂಬ ಹರಡಿದ ‘ಐ ಲವ್ ಯು’ ವೈರಸ್ ಬಂದಿದ್ದು ಪ್ರೇಮಪತ್ರದ ಹೆಸರಿನ ಫೈಲ್ ಆಗಿ. ಹೆಸರಿನ ಕೊನೆಗೆ ಪಠ್ಯದ ಗುರುತಾದ ಟಿಎಕ್ಸ್‌ಟಿ, ಅದಾದ ಮೇಲೆ ಪ್ರೋಗ್ರಾಂನ ಗುರುತಾದ ವಿಬಿಎಸ್. ನಿಜವಾದ ಬಾಲವಾದ ವಿಬಿಎಸ್ ಮರೆಯಾಗಿದ್ದವರಿಗೆ ಅದು ಬರೀ ಪಠ್ಯದ ಫೈಲ್‌ನಂತೆ ಕಂಡಿತು. ಈಗಲೂ ಬಿಲ್ ಅಂತಲೋ ಪಿಡಿಎಫ್ ಅಂತಲೋ ನಂಬಿಸಿ ಪ್ರೋಗ್ರಾಂ ಕಳಿಸುವವರು ಇದೇ ಉಪಾಯ ಮಾಡುತ್ತಾರೆ. ಬಾಲ ಕಂಡರೆ ಹೆಸರು ಬದಲಾಯಿಸುವಾಗ ಅಳಿಸಿಹೋಗಬಹುದು ಅಂತ ಕೆಲವರಿಗೆ ಹೆದರಿಕೆ. ಎಫ್2 ಒತ್ತಿ ನೋಡಿ, ಬಾಲ ಬಿಟ್ಟು ಹೆಸರಿನ ಭಾಗ ಮಾತ್ರ ನೀಲಿಯಾಗುತ್ತದೆ.

ಅದೇ ಶೋ ಪಟ್ಟಿಯಲ್ಲಿ ಅಡಗಿಸಿಟ್ಟ ಫೈಲ್‌ಗಳನ್ನು ತೋರಿಸುವ ಆಯ್ಕೆಯೂ ಇದೆ. ಅದನ್ನು ನಾನು ಬೇಕಾದಾಗ ಮಾತ್ರ ಹಾಕಿ, ಕೆಲಸ ಮುಗಿದ ಮೇಲೆ ತೆಗೆಯುತ್ತೇನೆ. ವಿಂಡೋಸ್ 11ಕ್ಕೆ ಬಂದಾಗ ಸಾಲುಗಳ ನಡುವೆ ಜಾಗ ಜಾಸ್ತಿ ಅನಿಸಿತ್ತು. ವ್ಯೂನಲ್ಲಿ ‘ಕಾಂಪ್ಯಾಕ್ಟ್ ವ್ಯೂ’ಗೆ ಟಿಕ್ ಹಾಕಿದ ಮೇಲೆ ಒಂದೇ ಪರದೆಯಲ್ಲಿ ಇನ್ನಷ್ಟು ಸಾಲು ಹಿಡಿಸಿದವು.

ಸ್ಕ್ಯಾನ್ ಮಾಡಿದ ಪುಟಗಳನ್ನು ನೋಡುವಾಗ ಆಲ್ಟ್ ಹಿಡಿದು ಪಿ ಒತ್ತಿ ಪ್ರಿವ್ಯೂ ಪೇನ್ ತೆರೆಯುತ್ತೇನೆ. ಕೆಳಮುಖ ಬಾಣ ಒತ್ತುತ್ತಾ ಹೋದರೆ ಬಲಗಡೆ ಒಂದೊಂದೇ ಪುಟ ಬದಲಾಗುತ್ತದೆ. ಓರೆಯಾದ ಪುಟ, ಅರ್ಧ ಕತ್ತರಿಸಿಹೋದ ಪುಟ ಅಲ್ಲೇ ಗೊತ್ತಾಗುತ್ತದೆ. ನೂರು ಪುಟವನ್ನು ಒಂದೊಂದಾಗಿ ತೆರೆದು ಮುಚ್ಚುವ ಶ್ರಮ ತಪ್ಪಿತು. ಒಂದೇ ತೊಡಕು ಅಂದರೆ, ಕೆಲವೊಮ್ಮೆ ಹೆಸರು ಬದಲಾಯಿಸಲು ಹೋದಾಗ ‘ಈ ಫೈಲ್ ಬೇರೆ ಕಡೆ ತೆರೆದಿದೆ’ ಅಂತ ತಕರಾರು ಬರುತ್ತದೆ. ಪ್ರಿವ್ಯೂ ಅದನ್ನು ಹಿಡಿದುಕೊಂಡಿರುತ್ತದೆ. ಪೇನ್ ಮುಚ್ಚಿದರೆ ಸರಿಹೋಗುತ್ತದೆ.

ಫೈಲ್‌ಗೆ ಹೆಸರಿಡುವ ರೀತಿಯನ್ನೂ ಈ ಎಲ್ಲದರ ಜೊತೆ ಬದಲಾಯಿಸಿಕೊಂಡೆ. ‘ಮೊದಲ ಸಲ’, ‘ಎರಡನೇ ಸಲ’ ಬಿಟ್ಟು 01, 02 ಅಂತ ಹೆಸರಿನ ಮುಂಭಾಗದಲ್ಲೇ ಬರೆಯುತ್ತೇನೆ. ಎಕ್ಸ್‌ಪ್ಲೋರರ್ 2 ಆದ ಮೇಲೆ 10 ಅಂತ ಸರಿಯಾಗಿಯೇ ಜೋಡಿಸುತ್ತದೆ. ಆದರೆ ಎಲ್ಲ ಸಾಫ್ಟ್‌ವೇರ್ ಹಾಗೆ ಮಾಡುವುದಿಲ್ಲ. ಅಕ್ಷರ ಅಕ್ಷರ ನೋಡಿ ಜೋಡಿಸುವ ಕಡೆ 10 ಬಂದು 2ಕ್ಕಿಂತ ಮುಂಚೆ ನಿಲ್ಲುತ್ತದೆ. ಒಂದು ಸೊನ್ನೆ ಸೇರಿಸಿದರೆ ಎಲ್ಲಿ ಹೋದರೂ ಕ್ರಮ ಕೆಡುವುದಿಲ್ಲ. ದಿನಾಂಕ ಬರೆಯುವುದಾದರೆ ವರ್ಷ, ತಿಂಗಳು, ದಿನ ಈ ಕ್ರಮದಲ್ಲೇ, ಅದೇ ಕಾರಣಕ್ಕೆ.

ಕೊನೆಗೆ ಗಮನಕ್ಕೆ ಬಂದಿದ್ದು ಸೇವ್ ಮಾಡುವಾಗ, ಓಪನ್ ಮಾಡುವಾಗ ಬರುವ ಸಣ್ಣ ಕಿಟಕಿ. ಎಕ್ಸ್‌ಪ್ಲೋರರ್‌ನಲ್ಲಿ ಇಷ್ಟೆಲ್ಲ ಮಾಡಿದರೂ ಅಲ್ಲಿ ಕಾಲಂ ಹಳೆಯ ಹಾಗೇ ಕಿರಿದಾಗಿತ್ತು. ಆ ಕಿಟಕಿಯ ವ್ಯೂ ಸೆಟ್ಟಿಂಗ್ ಬೇರೆಯಾಗಿಯೇ ಇರುತ್ತದೆ, ಎಕ್ಸ್‌ಪ್ಲೋರರ್‌ನದು ಅಲ್ಲಿಗೆ ಬರುವುದಿಲ್ಲ. ಹಳೆ ಫೈಲ್ ಮೇಲೆ ಹೊಸದು ಕೂರುವ ಅಪಾಯ ಜಾಸ್ತಿ ಇರುವ ಜಾಗವೂ ಅದೇ ಅಲ್ವಾ? ಅದಕ್ಕೇ ಅಲ್ಲಿಯೂ ಮೂಲೆ ಹಿಡಿದೆಳೆದು ಕಿಟಕಿ ದೊಡ್ಡದು ಮಾಡಿ, ಡೀಟೇಲ್ಸ್‌ಗೆ ತಂದು, ನೇಮ್ ಪಕ್ಕದ ಗೆರೆಯ ಮೇಲೆ ಡಬಲ್ ಕ್ಲಿಕ್ ಮಾಡುತ್ತೇನೆ. ಹೊಸ ಸಾಫ್ಟ್‌ವೇರ್ ಹಾಕಿಕೊಂಡ ದಿನ, ಮೊದಲ ಫೈಲ್ ಸೇವ್ ಮಾಡುವ ಮುಂಚೆಯೇ ಈ ಕೆಲಸ ಮುಗಿಸಿಬಿಡುತ್ತೇನೆ.